ಅಟ್ಟ ಇಳಿಸಿದ ಬೇಸಿಗೆ

ಮೈಸೂರಿನಲ್ಲಿ ನಮ್ಮದು ಎರಡು ಕೋಣೆಯ ಮನೆ. ಆದರೆ ಅಟ್ಟದಲ್ಲಿರುವ ಸಾಮಾನನ್ನು ಕೆಳಗಿಳಿಸಿದರೆ ನಾಲ್ಕು ಕೋಣೆಯೂ ಸಾಲದು. ಮಗಳಿಗೆ ಹತ್ತು ವರ್ಷವಾದಾಗಿನಿಂದ ಅವಳ ಮದುವೆಗೆಂದು ಕೂಡಿಟ್ಟ ಸ್ಟೀಲ್ ಡಬ್ಬಿಗಳು, ಬೆಡ್‌ಶೀಟುಗಳು, ಊಟದ ಸೆಟ್ಟುಗಳು. ಈ ಸಲ ಬೇಸಿಗೆ ರಜೆಯಲ್ಲಿ ಅವಳು, "ಅಮ್ಮೀ, ಇದರಲ್ಲಿ ಯಾವುದು ಬೇಕು ಅಂತ ನನ್ನನ್ನು ಒಮ್ಮೆಯಾದರೂ ಕೇಳಿದ್ದೀರಾ?" ಎಂದಳು. ನನಗೆ ಸಿಟ್ಟು ಬಂತು. ನಿಮಗೂ ಬರುತ್ತಿತ್ತು.

ಪ್ರತಿ ವರ್ಷ ಮದ್ರಸದ ಮಕ್ಕಳಿಗೆ ಪ್ರವಾದಿವರ್ಯರ(ಸ) ಹಾಸಿಗೆ ಖರ್ಜೂರದ ನಾರು ತುಂಬಿದ ತೊಗಲಿನದಾಗಿತ್ತು ಎಂದು ಪಾಠ ಮಾಡುತ್ತೇನೆ. ಪಾಠ ಮುಗಿಸಿ ಬಂದು ಇನ್ನೊಂದು ಬೆಡ್‌ಶೀಟನ್ನು ಅಟ್ಟಕ್ಕೇರಿಸುತ್ತೇನೆ.

ಆ ವಾರವೇ ಕೊಳ್ಳೇಗಾಲದ ಅಕ್ಕನ ಮನೆಗೆ ಹೊರಟೆವು. ಕೊಳ್ಳೇಗಾಲ ರೇಷ್ಮೆಯ ಊರು. 1956ರವರೆಗೆ ಅದು ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಇಂತಹ ಊರಿನ ಸೊಸೆಯಾದ ಅಕ್ಕನ ಟ್ರಂಕಿನಲ್ಲಿ ಸೀರೆಗಳಿಗೆ ಬರವಿಲ್ಲ. ಅವಳು ಹೆಮ್ಮೆಯಿಂದ ತನ್ನ ಮದುವೆಯ ಸೀರೆ ಬಿಚ್ಚಿದಳು. ಮಡಿಕೆಯಿದ್ದಲ್ಲೆಲ್ಲ ರೇಷ್ಮೆ ಉದ್ದಕ್ಕೆ ಸೀಳಿತ್ತು, ಜರಿ ಕಪ್ಪಾಗಿತ್ತು. ಉಟ್ಟದ್ದು ಎರಡೇ ಸಲ. ರೇಷ್ಮೆಯನ್ನು ವರ್ಷಗಟ್ಟಲೆ ಒಂದೇ ಮಡಿಕೆಯಲ್ಲಿಟ್ಟರೆ ಹೀಗೇ ಆಗುತ್ತದೆ. ಅಕ್ಕ ಏನೂ ಮಾತಾಡದೆ ಮತ್ತೆ ಮಡಚಿಟ್ಟಳು.

ಮರುದಿನ ಭಾವ ನಮ್ಮನ್ನು ಕಾವೇರಿ ದಡದ ದಾಸನಪುರಕ್ಕೆ ಕರೆದೊಯ್ದರು. ನಾನೇ ಕೇಳಿಕೊಂಡಿದ್ದೆ, ಕಾರಣ ಹೇಳಲು ಸ್ವಲ್ಪ ನಾಚಿಕೆ. 2018 ಮತ್ತು 2019ರ ಮಳೆಗಾಲದಲ್ಲಿ ಕಬಿನಿ ಮತ್ತು ಕನ್ನಂಬಾಡಿ ಎರಡೂ ಕಡೆಯಿಂದ ನೀರು ಬಿಟ್ಟಾಗ ದಾಸನಪುರ, ಮುಳ್ಳೂರು, ಹಳೇ ಹಂಪಾಪುರ ಮೊದಲಾದ ಹಳ್ಳಿಗಳಿಗೆ ಹೊಳೆ ನುಗ್ಗಿತ್ತು. ಆಗ ನಾನೂ ಮೈಸೂರಿನಿಂದ ಬಟ್ಟೆಯ ಒಂದು ದೊಡ್ಡ ಗಂಟು ಕಳಿಸಿ ಸಮಾಧಾನಪಟ್ಟಿದ್ದೆ. ಆ ಗಂಟಿನಲ್ಲಿ ಗುಂಡಿ ಕಿತ್ತ ಶರ್ಟು, ಜಿಪ್ ಹೋದ ಸ್ವೆಟರ್, ನಾನಂತೂ ಉಡಲಾರದ ಸೀರೆಗಳಿದ್ದವು. ಮನೆ ಖಾಲಿ ಮಾಡಿದ್ದನ್ನೇ ದಾನವೆಂದು ಎಣಿಸಿಕೊಂಡಿದ್ದೆ.

ಅಲ್ಲಿ ಒಬ್ಬ ತಾಯಿ ನಮಗೆ ಚಹಾ ಕೊಟ್ಟು ಕೂರಿಸಿದರು. ನೀರು ಬಂದ ರಾತ್ರಿ ಏನು ತೆಗೆದುಕೊಂಡು ಹೊರಟಿರಿ ಎಂದು ಮಗಳು ಕೇಳಿದಳು. ರೇಷನ್ ಕಾರ್ಡು, ಆಧಾರ್, ಬ್ಯಾಂಕಿನ ಪುಸ್ತಕ, ಅತ್ತೆಯ ಬಿ.ಪಿ. ಮಾತ್ರೆ, ಒಂದು ಸೀಮೆಹಸು. ಹಸುವಿನ ಹಗ್ಗ ಬಿಚ್ಚಲು ಹೋದದ್ದರಿಂದ ಟಿ.ವಿ. ಬಿಟ್ಟೆ ಎಂದು ನಕ್ಕರು. "ಬಟ್ಟೆ ಬಹಳ ಬಂತಮ್ಮ. ನಮಗೆ ಬೇಕಾಗಿದ್ದದ್ದು ಒಣಗಿದ ಸೌದೆ, ಒಂದು ಪಾತ್ರೆ, ಹಸುವಿಗೆ ಮೇವು." ಬಂದ ಬಟ್ಟೆ ಏನಾಯಿತೆಂದು ನಾನು ಕೇಳಲಿಲ್ಲ.

ಯಳಂದೂರಿನಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ. ಹೈದರ್, ಟಿಪ್ಪು ಇಬ್ಬರ ಕಾಲದಲ್ಲೂ ಆಡಳಿತ ನೋಡಿಕೊಂಡ ದಿವಾನ್ ಪೂರ್ಣಯ್ಯನವರಿಗೆ 1807ರಲ್ಲಿ ಈ ಊರು ಜಹಗೀರಾಗಿ ಸಿಕ್ಕಿತು. ಐದೇ ವರ್ಷಕ್ಕೆ, 1812ರಲ್ಲಿ, ಅವರು ಶ್ರೀರಂಗಪಟ್ಟಣದಲ್ಲಿ ತೀರಿಕೊಂಡರು.

ಅಲ್ಲಿಂದ ಬಿಳಿಗಿರಿರಂಗನ ಬೆಟ್ಟ ಹತ್ತಿ ಒಂದು ಸೋಲಿಗರ ಪೋಡಿಗೆ ಹೋದೆವು. ಹಿಂದೆ ಇವರು ಕಾಡಿನಲ್ಲಿ ಒಂದೆಡೆ ರಾಗಿ ಬೆಳೆದು, ಕೆಲವು ಬೆಳೆ ತೆಗೆದ ಮೇಲೆ ಇನ್ನೊಂದೆಡೆಗೆ ಹೋಗುತ್ತಿದ್ದರು. ಬಿದಿರು, ಹುಲ್ಲಿನ ಮನೆ, ಹೊತ್ತೊಯ್ಯಲಾಗದ್ದನ್ನು ಇಟ್ಟುಕೊಳ್ಳುವಂತಿರಲಿಲ್ಲ. ನೆಲ್ಲಿಕಾಯಿ ಕೀಳುವಾಗ ಮರದಲ್ಲಿ ಪ್ರಾಣಿಪಕ್ಷಿಗಳ ಪಾಲು ಬಿಡುತ್ತಾರೆ. ಜೇನು ತೆಗೆಯುವಾಗಲೂ ಹಾಗೆಯೇ. ಇದನ್ನು ನೋಡಿ "ಎಂತಹ ಸರಳ ಬದುಕು" ಎಂದು ಹೊಗಳಿ ಬರುವುದು ಸುಲಭ. ಆದರೆ 1974ರಲ್ಲಿ ಅಭಯಾರಣ್ಯವಾದ ನಂತರ ಅವರು ಆ ಬೇಸಾಯ ಬಿಟ್ಟು ಒಂದೆಡೆ ನೆಲೆಸಬೇಕಾಯಿತು. ತಮ್ಮ ಕಾಡಿನಲ್ಲೇ ಜೇನು, ನೆಲ್ಲಿ ತೆಗೆಯುವ ಹಕ್ಕುಪತ್ರ ಪೋಡುಗಳಿಗೆ ಸಿಕ್ಕಿದ್ದು 2011ರಲ್ಲಿ. ಒಂದು ಮನೆಯ ಅಜ್ಜಿ ತಗಡಿನ ಪೆಟ್ಟಿಗೆ ತೆರೆದರು. ಒಳಗೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಕಾಗದಗಳೇ ಹೆಚ್ಚು. ಕಡಿಮೆ ಇರುವುದು ಬೇರೆ, ಕಡಿಮೆ ಇಟ್ಟುಕೊಳ್ಳುವುದು ಬೇರೆ ಎಂದು ಅಲ್ಲಿ ನನಗೆ ಹೊಳೆಯಿತು. ಬಡವರ ಬರಿಮನೆಯನ್ನು ನನ್ನ ಅಟ್ಟಕ್ಕೆ ಪಾಠವಾಗಿ ಬಳಸಿಕೊಳ್ಳುವುದು ನ್ಯಾಯವಲ್ಲ.

ಕೊಳ್ಳೇಗಾಲಕ್ಕೆ ಮರಳಿ, ಮಾರನೇ ದಿನ ಹನೂರಿನ ಕಡೆಯ ಒಡೆಯರಪಾಳ್ಯಕ್ಕೆ ಹೋದೆವು. 1970ರ ದಶಕದಿಂದ ಟಿಬೆಟನ್ ನಿರಾಶ್ರಿತರ ನೆಲೆ ಇಲ್ಲಿದೆ. 1959ರ ನಂತರ ಹಿಮದ ಹಾದಿಯಲ್ಲಿ ನಡೆದು ಬಂದವರು, ಅವರ ಮಕ್ಕಳು, ಮೊಮ್ಮಕ್ಕಳು. ಸುತ್ತ ಮುಸುಕಿನ ಜೋಳದ ಹೊಲ. ಮನೆಯೊಂದರ ಗೋಡೆಯ ಕಪಾಟಿನಲ್ಲಿ ಹಳೆಯ ಮರದ ಬಟ್ಟಲೊಂದಿತ್ತು. ಅಜ್ಜ ಅಂಗಿಯೊಳಗಿಟ್ಟು ಇಷ್ಟು ದೂರ ತಂದದ್ದು ಎಂದು ಮನೆಯ ಹುಡುಗಿ ಚೆಂದದ ಕನ್ನಡದಲ್ಲಿ ಹೇಳಿದಳು. ಅದರಲ್ಲಿ ಈಗಲೂ ಅಜ್ಜಿ ಚಹಾ ಕುಡಿಯುತ್ತಾರಂತೆ.

ಹಿಂತಿರುಗುವ ಬಸ್ಸಿನಲ್ಲಿ ಮಗಳು ಏನೂ ಹೇಳಲಿಲ್ಲ. ನಾನೇ, "ಭಾನುವಾರ ಅಟ್ಟ ಇಳಿಸೋಣ" ಎಂದೆ.

ಇಳಿಸಲು ಎರಡು ದಿನ ಹಿಡಿಯಿತು. ನಮ್ಮವರು ಮೊದಲು ಗೊಣಗಿದರು, ಆಮೇಲೆ ಕಳೆದುಹೋಗಿದ್ದ ಸ್ಕ್ರೂ ಡ್ರೈವರ್‌ಗಳು ಮೂರು ಸಿಕ್ಕಾಗ ಸುಮ್ಮನಾದರು. ಮಗಳು ತನಗೆಂದು ಆರಿಸಿದ್ದು ಎರಡು ಪಾತ್ರೆ, ಒಂದು ಬೆಡ್‌ಶೀಟ್. ಹೊಸ ಡಬ್ಬಿಗಳು ಬೀದಿಯಲ್ಲಿ ಹೊಸದಾಗಿ ಸಂಸಾರ ಹೂಡಿದ ಒಂದು ಹುಡುಗಿಗೆ ಹೋದವು, ಅವಳನ್ನು ಕೇಳಿದ ನಂತರವೇ. ಹರಿದದ್ದನ್ನು ಯಾರಿಗೂ ಕೊಡಲಿಲ್ಲ, ಒರೆಸುವ ಬಟ್ಟೆಯಾಯಿತು. ನನ್ನ ಒಂದು ಒಳ್ಳೆಯ ಕೊಳ್ಳೇಗಾಲದ ಸೀರೆಯನ್ನೂ ಕೊಟ್ಟೆ. ಆ ರಾತ್ರಿ ಅದರ ಅಂಚು ಎರಡು ಸಲ ನೆನಪಾದದ್ದು ಸುಳ್ಳಲ್ಲ.

ಅಮ್ಮ ನನಗೆ ಕೊಟ್ಟ ತಾಮ್ರದ ಹಂಡೆಯನ್ನು ಮಾತ್ರ ಕೊಡಲಾಗಲಿಲ್ಲ. ಅಟ್ಟಕ್ಕೆ ಮತ್ತೆ ಏರಿಸಲೂ ಮನಸ್ಸಾಗಲಿಲ್ಲ. ಈಗ ಅದು ಬಚ್ಚಲಿನಲ್ಲಿದೆ, ವುಜೂ ಮಾಡುವ ನೀರು ಅದರಲ್ಲೇ. ವಾರಕ್ಕೊಮ್ಮೆ ಹುಣಸೆಹಣ್ಣು ಹಾಕಿ ಉಜ್ಜಬೇಕು. ಮಗಳು ಗೊಣಗುತ್ತಲೇ ಉಜ್ಜುತ್ತಾಳೆ.