ಸಣ್ಣ ಗೀರು, ದೊಡ್ಡ ಲೆಕ್ಕ

ಹಾಕಿದ ಹಣಕ್ಕೆ ಪ್ರತಿಫಲ ಬರಬೇಕೆಂಬುದು ವ್ಯಾಪಾರದ ನಿಯಮ. ವಿಮೆಯು ಈ ನಿಯಮಕ್ಕೆ ಹೊರತಾದುದು. ಅಲ್ಲಿ ಕಟ್ಟಿದ ಹಣ ಮರಳಿ ಬಾರದಿರುವುದೇ ಲಾಭ; ಆ ವರ್ಷ ಅಪಾಯವೊಂದೂ ಸಂಭವಿಸಲಿಲ್ಲವೆಂದು ಅದರ ಅರ್ಥ. ದಾವಣಗೆರೆಯ ಹಿರಿಯ ಬಟ್ಟೆ ವ್ಯಾಪಾರಿಯೊಬ್ಬರಿಗೆ ಈ ಮಾತು ಮನದಟ್ಟಾಗಬೇಕಾದರೆ ಅವರ ಮನೆಯ ಗೇಟಿನ ಕಲ್ಲುಕಂಬವೇ ಗುರುವಾಗಬೇಕಾಯಿತು.

ಒಂದು ಸಂಜೆ ಅವರ ಮಗನು ಕಾರನ್ನು ಹಿಂದಕ್ಕೆ ತೆಗೆಯುತ್ತಿದ್ದನು. ಒಂದು ಕೈ ಸ್ಟಿಯರಿಂಗಿನ ಮೇಲೆ, ಇನ್ನೊಂದು ಕೈಯಲ್ಲಿ ಮೊಬೈಲು. ಹಿಂದಿನ ಬಂಪರು ಕಂಬಕ್ಕೆ ತಗುಲಿ ಸೀಳಿತು. ಯಾರಿಗೂ ಗಾಯವಾಗಲಿಲ್ಲ. ಮಗನು ತನ್ನ ಕೈಯಿಂದಲೇ ದುರಸ್ತಿ ಮಾಡಿಸಲು ಸಿದ್ಧನಿದ್ದನು. ಬೇಡವೆಂದವರು ತಂದೆಯೇ. "ಇಷ್ಟು ವರ್ಷ ವಿಮೆ ಕಟ್ಟಿದ್ದೇವಲ್ಲಪ್ಪಾ, ಒಮ್ಮೆಯಾದರೂ ವಸೂಲಾಗಲಿ" ಎಂದರು. ಪ್ಲಾಸ್ಟಿಕ್ ಭಾಗಗಳಿಗೆ ಅರ್ಧದಷ್ಟು ಸವಕಳಿ ಹಿಡಿದು, 1,000 ರೂಪಾಯಿಯ ಕಡ್ಡಾಯ ಕಡಿತವನ್ನೂ ಕಳೆದು ಕಂಪನಿಯು ಅವರಿಗೆ 3,500 ರೂಪಾಯಿ ಕೊಟ್ಟಿತು. ಯಜಮಾನರು ಸಂತೋಷಪಟ್ಟರು.

ಆ ಸಂತೋಷ ನವೀಕರಣದ ಪತ್ರ ಬರುವವರೆಗೆ ಮಾತ್ರ ಉಳಿಯಿತು. ಕಾರಿನ ವಿಮೆಯಲ್ಲಿ ಎರಡು ಭಾಗಗಳಿವೆ. ಇತರರಿಗಾಗುವ ಹಾನಿಗೆ ಸಂಬಂಧಿಸಿದ ಥರ್ಡ್ ಪಾರ್ಟಿ ವಿಮೆಯ ದರವನ್ನು ಸರಕಾರವೇ ಎಂಜಿನ್ನಿನ ಸಾಮರ್ಥ್ಯಕ್ಕೆ ತಕ್ಕಂತೆ ಗೊತ್ತುಮಾಡುತ್ತದೆ. 2022ರ ಜೂನ್ 1ರಿಂದ ಜಾರಿಗೆ ಬಂದ ದರದಂತೆ 1,000ದಿಂದ 1,500 ಸಿ.ಸಿ.ವರೆಗಿನ ಖಾಸಗಿ ಕಾರಿಗೆ ಅದು 3,416 ರೂಪಾಯಿ. ತನ್ನ ಕಾರಿಗೇ ಆಗುವ ಹಾನಿಯ ವಿಮೆ ಇನ್ನೊಂದು ಭಾಗ. ನೋ ಕ್ಲೇಮ್ ಬೋನಸ್ ಎಂಬ ರಿಯಾಯಿತಿ ದೊರೆಯುವುದು ಇದಕ್ಕೆ ಮಾತ್ರ. ಒಂದು ವರ್ಷ ಪರಿಹಾರ ಕೇಳದಿದ್ದರೆ ಶೇಕಡಾ 20, ಸತತ ಎರಡು ವರ್ಷಕ್ಕೆ 25, ಮೂರಕ್ಕೆ 35, ನಾಲ್ಕಕ್ಕೆ 45, ಐದಕ್ಕೆ 50. ಒಮ್ಮೆ ಪರಿಹಾರ ಪಡೆದರೆ ಏಣಿಯ ತುದಿಯಲ್ಲಿದ್ದವನೂ ನೆಲಕ್ಕೆ ಇಳಿಯಬೇಕು.

ಯಜಮಾನರು ತುದಿಯಲ್ಲಿದ್ದವರು. ತೆರಿಗೆ ಬಿಟ್ಟು 12,000 ರೂಪಾಯಿಯಾಗುವ ಪ್ರೀಮಿಯಂಗೆ ಅವರು 6,000 ಮಾತ್ರ ಕಟ್ಟುತ್ತಿದ್ದರು. ಅವರು ಕಾಗದ ತೆಗೆದುಕೊಂಡು ಲೆಕ್ಕ ಹಾಕಿದರು. ಮೂಲದರ ಹಾಗೆಯೇ ಉಳಿದರೆ ಈ ವರ್ಷ 6,000 ರೂಪಾಯಿ ಹೆಚ್ಚು, ಮುಂದಿನ ವರ್ಷ 3,600, ಆಮೇಲೆ 3,000, 1,800, 600. ಮತ್ತೆ ತುದಿಗೆ ಏರುವ ಹೊತ್ತಿಗೆ ಒಟ್ಟು 15,000. ಕೈಗೆ ಬಂದದ್ದು 3,500! ಅಂಗಡಿಯಲ್ಲಿ ಗುಮಾಸ್ತನು ಇಂತಹ ವ್ಯವಹಾರ ಮಾಡಿದ್ದರೆ ಅವರು ಸಹಿಸುತ್ತಿರಲಿಲ್ಲ.

ಇಂತಹ ತಪ್ಪುಗಳು ಬೇರೆಯೂ ಇವೆ. ಪಾಲಿಸಿ ಮುಗಿದು 90 ದಿನಗಳೊಳಗೆ ನವೀಕರಿಸದಿದ್ದರೆ ಕೂಡಿಟ್ಟ ಬೋನಸ್ ಇಲ್ಲವಾಗುತ್ತದೆ. ನಡುವೆ ವಿಮೆಯಿಲ್ಲದೆ ವಾಹನ ನಡೆಸುವುದಂತೂ ಅಪರಾಧ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಬಂದ ತಿದ್ದುಪಡಿಯು ಅದಕ್ಕೆ ಮೊದಲ ಬಾರಿ 2,000 ರೂಪಾಯಿ, ಮರುಕಳಿಸಿದರೆ 4,000 ರೂಪಾಯಿ ದಂಡವನ್ನು ನಿಗದಿಪಡಿಸಿತು. ಬೋನಸ್ ಕಾರಿಗೆ ಸೇರಿದುದಲ್ಲ, ಮಾಲೀಕನಿಗೆ ಸೇರಿದುದು. ಹಳೆಯ ಕಾರನ್ನು ಮಾರುವಾಗ ಅದರ ಪ್ರಮಾಣಪತ್ರ ಪಡೆಯಲು ಮರೆಯುವವರು ಹೊಸ ಕಾರಿಗೆ ಪೂರ್ತಿ ದರ ಕಟ್ಟುತ್ತಾರೆ. ಮಳೆನೀರಿನಲ್ಲಿ ನಿಂತುಹೋದ ಎಂಜಿನ್ನನ್ನು ಬಲವಂತವಾಗಿ ಚಾಲೂ ಮಾಡಿ ಕೆಡಿಸಿಕೊಂಡರೆ ಸಾಮಾನ್ಯ ಪಾಲಿಸಿಯಿಂದ ಆ ಖರ್ಚು ಹುಟ್ಟುವುದು ಕಷ್ಟ. ಕುಡಿದು ನಡೆಸಿದವನಿಗೂ, ಮನೆಯ ಕಾರನ್ನು ಬಾಡಿಗೆಗೆ ಓಡಿಸಿದವನಿಗೂ ತನ್ನ ಕಾರಿನ ಹಾನಿಗೆ ಪರಿಹಾರ ದೊರೆಯುವುದಿಲ್ಲ. ಇವೆಲ್ಲವುಗಳ ಬೇರು ಒಂದೇ, ಪ್ರಮಾದ, ಎಚ್ಚರವಾಗಿರಬೇಕಾದಲ್ಲಿ ಎಚ್ಚರವಿಲ್ಲದಿರುವುದು.

ಆದರೆ ಆ ಮನೆಯಲ್ಲಿ ನಿಜವಾದ ಪರೀಕ್ಷೆ ನಡೆದದ್ದು ಇದಾದ ಮೇಲೆ. ಪರಿಚಯದ ಏಜೆಂಟರೊಬ್ಬರು ಬಂದು, "ಯಜಮಾನರೆ, ಕಂಪನಿ ಬದಲಾಯಿಸಿಬಿಡಿ. ಕಳೆದ ವರ್ಷ ಕ್ಲೇಮು ಇಲ್ಲ ಎಂದು ಬರೆದರೆ ಹಳೆಯ ಬೋನಸ್ಸೇ ಸಿಗುತ್ತದೆ. ಎಲ್ಲರೂ ಮಾಡುತ್ತಾರೆ" ಎಂದರು. ಮಗನು ಅರ್ಜಿಯನ್ನು ತುಂಬಿಯೇ ಇಟ್ಟಿದ್ದನು. ಕಾರು ತಂದೆಯ ಹೆಸರಿನಲ್ಲಿದ್ದುದರಿಂದ ಅವರ ಸಹಿಯೊಂದೇ ಬಾಕಿಯಿತ್ತು.

ಯಜಮಾನರು ಪೆನ್ನನ್ನು ತೆಗೆದುಕೊಂಡರು. 6,000 ರೂಪಾಯಿ ಸಣ್ಣ ಮೊತ್ತವೇನೂ ಆಗಿರಲಿಲ್ಲ. ಆ ವರ್ಷದ ವ್ಯಾಪಾರವೂ ಅಷ್ಟಕ್ಕಷ್ಟೆ ಆಗಿತ್ತು. ಆದರೂ ಸಹಿಯ ಮೇಲಿದ್ದ ಸಾಲುಗಳನ್ನು ಅವರು ಓದಿದರು. ತಿಳಿಸಿದ ವಿವರ ಸುಳ್ಳೆಂದು ಕಂಡುಬಂದರೆ ಸ್ವಂತ ಹಾನಿಯ ಪರಿಹಾರವೆಲ್ಲ ರದ್ದಾಗುವುದೆಂಬ ಒಪ್ಪಿಗೆ ಅದರಲ್ಲಿತ್ತು. ಹೊಸ ಕಂಪನಿಯು ಹಳೆಯ ಕಂಪನಿಯನ್ನು ವಿಚಾರಿಸಿದರೆ ನಿಜ ಹೊರಬೀಳುವುದು. ನಾಳೆ ಕಾರು ನುಜ್ಜುಗುಜ್ಜಾದರೆ ಉಳಿಸಿದ 6,000ಕ್ಕಾಗಿ ಲಕ್ಷಗಳು ಹೋಗಬಹುದು.

"ಸಿಕ್ಕಿಬೀಳುತ್ತೇವೆಂದು ಭಯವೇ, ಅಪ್ಪಾಜಿ?" ಎಂದು ಮಗ ಕೇಳಿದನು.

"ಅದೂ ಇದೆ, ಇಲ್ಲವೆನ್ನಲಾರೆ" ಎಂದರು ತಂದೆ. "ಆದರೆ ಕಂಬಕ್ಕೆ ತಗುಲಿಸಿದ್ದು ನಿನ್ನ ಅಜಾಗ್ರತೆ, ಕ್ಲೇಮು ಹಾಕಿಸಿದ್ದು ನನ್ನ ಆಸೆ. ಎರಡೂ ತಿಳಿಯದೆ ಆದವು. ಇದನ್ನು ಮಾತ್ರ ತಿಳಿದೇ ಮಾಡಬೇಕಾಗುತ್ತದೆ. ಆ ಹಣ ಕಂಪನಿಯದೆಂದು ಹೇಳುತ್ತಾರೆ. ಅದು ನಮ್ಮಂತೆಯೇ ಪ್ರೀಮಿಯಂ ಕಟ್ಟಿದವರದು. ನಾವು ಸುಳ್ಳು ಬರೆದು ತಪ್ಪಿಸಿಕೊಂಡ ಪಾಲನ್ನು ಅವರಲ್ಲಿ ಯಾರೋ ಹೊರಬೇಕಾಗುತ್ತದೆ."

ಅರ್ಜಿಯನ್ನು ಅವರು ಹರಿಯಲಿಲ್ಲ. "ಕ್ಲೇಮು ಇಲ್ಲ" ಎಂಬುದನ್ನು ಹೊಡೆದುಹಾಕಿ "ಇದೆ" ಎಂದು ಬರೆದು, ಪಕ್ಕದಲ್ಲಿ ಸಹಿ ಮಾಡಿ, ಪೂರ್ತಿ ಹಣಕ್ಕೆ ಚೆಕ್ಕು ಕೊಟ್ಟರು. ಏಜೆಂಟರು ಸ್ವಲ್ಪ ಹೊತ್ತು ಸುಮ್ಮನಿದ್ದು, ಕಾಗದಗಳನ್ನು ಚೀಲಕ್ಕೆ ಹಾಕಿಕೊಂಡು ಹೊರಟರು.

ಈಗ ಆ ಮನೆಯಲ್ಲಿ ಕಾರನ್ನು ಹಿಂದಕ್ಕೆ ತೆಗೆಯುವ ಮುನ್ನ ಮಗನು ಮೊಬೈಲನ್ನು ಕಿಸೆಗೆ ಹಾಕಿ, ಒಮ್ಮೆ ಇಳಿದು ಹಿಂದೆ ನೋಡಿ ಬರುತ್ತಾನೆ. ಅಲ್ಲಿ ಕಲ್ಲುಕಂಬವಷ್ಟೇ ಅಲ್ಲ, ಕೆಲವೊಮ್ಮೆ ನೆರಳಿಗೆ ಮಲಗಿದ ನಾಯಿಯಿರುತ್ತದೆ, ಕೆಲವೊಮ್ಮೆ ನೆರೆಮನೆಯ ಮಗುವಿರುತ್ತದೆ. ಅವುಗಳಿಗೇನಾದರೂ ಆದರೆ ಯಾವ ವಿಮೆಯೂ ಅದನ್ನು ತುಂಬಿಕೊಡಲಾರದು.