ಗೋಸುಂಬೆಗೆ ಒಂದು ಬಕೆಟ್ ಹೊಯಿಗೆ

ಪಡುಬಿದ್ರಿಯಲ್ಲಿ ರಾತ್ರಿ ಊಟ ಮುಗಿಯುವ ಹೊತ್ತಿಗೆ ಅಮೆರಿಕದಲ್ಲಿ ಇನ್ನೂ ಬೆಳಿಗ್ಗೆ. ಪ್ರತಿ ಭಾನುವಾರ ಆ ಹೊತ್ತಿಗೆ ಅಜ್ಜಿ ಚಾವಡಿಯಲ್ಲಿ ಫೋನಿನ ಮುಂದೆ ಕೂರುತ್ತಾರೆ. ಪಕ್ಕದಲ್ಲಿ ಏಳನೆಯ ತರಗತಿಯ ಮೊಮ್ಮಗ, ತೆರೆಯ ಆಚೆ ದೊಡ್ಡ ಮಗನ ಮಗಳು. ಶಾಲೆ, ಚಳಿ, ಮೀನಿನ ಕ್ರಯ ಎಲ್ಲವನ್ನೂ ಸುತ್ತಿ ಮಾತು ಕೊನೆಗೆ ಬಂದು ನಿಲ್ಲುವುದು ಒಂದು ಹೆಣ್ಣು ಗೋಸುಂಬೆಯ ಬಳಿ.

ಅದು ಮೊಮ್ಮಗಳ ಸಾಕುಪ್ರಾಣಿ. ಯೆಮನ್ ಮತ್ತು ಸೌದಿ ಅರೇಬಿಯಾ ಮೂಲದ ಜಾತಿ, ತಲೆಯ ಮೇಲೆ ಕಿರೀಟದಂಥ ಎತ್ತರದ ಜುಟ್ಟು. ಅಮೆರಿಕದಲ್ಲಿ ಇವನ್ನು ಗೂಡುಗಳಲ್ಲೇ ಮರಿ ಮಾಡಿಸಿ ಮಾರುತ್ತಾರೆ. ಮಗಳ ಆಸೆಗೆ ಅಪ್ಪ ಗೂಡನ್ನೂ ಚೆನ್ನಾಗಿಯೇ ಮಾಡಿಸಿದ್ದರು. ಗಾಳಿಯಾಡುವಂತೆ ನಾಲ್ಕೂ ಕಡೆ ಜಾಲರಿ, ಹತ್ತಲು ಕೊಂಬೆ, ಅಡಗಲು ಎಲೆ. ಗೋಸುಂಬೆ ಬಟ್ಟಲಿನ ನೀರನ್ನು ಸಾಮಾನ್ಯವಾಗಿ ಮುಟ್ಟುವುದಿಲ್ಲ, ಎಲೆಯ ಮೇಲಿನ ಹನಿಗಳನ್ನು ನೆಕ್ಕಿ ಕುಡಿಯುತ್ತದೆ. ಅದಕ್ಕಾಗಿ ದಿನಕ್ಕೆ ಕೆಲವು ಸಲ ಎಲೆಗಳಿಗೆ ತುಂತುರು. ಮೇಲೆ ನೇರಳಾತೀತ ಕಿರಣದ ದೀಪ. ಕಿಟಕಿಯ ಗಾಜು ಆ ಕಿರಣಗಳನ್ನು ತಡೆಯುತ್ತದೆ. ಅವಿಲ್ಲದಿದ್ದರೆ ಮೈಯಲ್ಲಿ ಡಿ ಜೀವಸತ್ವ ಆಗುವುದಿಲ್ಲ, ತಿಂದ ಸುಣ್ಣ ಎಲುಬಿಗೆ ಸೇರುವುದಿಲ್ಲ. ಇಷ್ಟೆಲ್ಲ ಇದ್ದ ಗೂಡಿನ ತಳದಲ್ಲಿ ಮಾತ್ರ ಏನೂ ಇರಲಿಲ್ಲ. ಗುಡಿಸಲು ಸುಲಭವೆಂದು ಬರೀ ಕಾಗದ ಹಾಸಿದ್ದರು.

ಒಂದು ಭಾನುವಾರ ಹುಡುಗಿಯ ಮುಖ ಬಾಡಿತ್ತು. "ಅಜ್ಜಿ, ಇದು ನಾಲ್ಕು ದಿನದಿಂದ ಸರಿಯಾಗಿ ತಿನ್ನುವುದಿಲ್ಲ. ಕೊಂಬೆಯ ಮೇಲೆ ನಿಲ್ಲುವುದೂ ಇಲ್ಲ. ಕೆಳಗೆ ಇಳಿದು ಮೂಲೆ ಮೂಲೆ ಕೆರೆಯುತ್ತದೆ."

ಅಜ್ಜಿ ಕನ್ನಡಕ ಸರಿಮಾಡಿಕೊಂಡು ನೋಡಿದರು. ಪ್ರಾಣಿಯ ಪಕ್ಕೆ ಎರಡೂ ಕಡೆ ಉಬ್ಬಿತ್ತು.

"ಹೊಟ್ಟೆ ನೋಡು ಮಾರಾಯ್ತಿ. ಅದು ಮೊಟ್ಟೆಗೆ ಬಂದದ್ದು."

"ಗಂಡೇ ಇಲ್ಲವಲ್ಲ ಅಜ್ಜಿ!"

"ಹುಂಜ ಉಂಟಾ ಇಲ್ಲವಾ ಅಂತ ಹೇಂಟೆ ಕಾಯ್ತದಾ? ಒಂಟಿ ಹೇಂಟೆಯೂ ಮೊಟ್ಟೆ ಇಡ್ತದೆ. ಮರಿ ಆಗುವುದಿಲ್ಲ, ಅಷ್ಟೇ. ಅದಕ್ಕೆ ಜಾಗ ಕೊಟ್ಟಿದ್ದೀರಾ?"

ಆ ದಿನವೇ ಅಪ್ಪ ಮಗಳು ಸರೀಸೃಪಗಳನ್ನು ಬಲ್ಲ ಪಶುವೈದ್ಯರ ಬಳಿ ಓಡಿದರು. ಎಕ್ಸ್‌ರೇ ಅಜ್ಜಿಯ ಮಾತನ್ನೇ ಹೇಳಿತು. ಈ ಜಾತಿಯ ಹೆಣ್ಣು ಗಂಡಿನ ಸಂಗವಿಲ್ಲದೆಯೂ ಮೊಟ್ಟೆ ಕಟ್ಟುತ್ತದೆ. ಅಗೆಯಲು ಮಣ್ಣು ಸಿಗದಿದ್ದರೆ ಇಡದೆ ತಡೆದುಕೊಳ್ಳುತ್ತದೆ. ಹಾಗೆ ಮೊಟ್ಟೆ ಹೊಟ್ಟೆಯಲ್ಲೇ ಸಿಕ್ಕಿಕೊಂಡರೆ ಜೀವಕ್ಕೆ ಅಪಾಯ. ಕಣ್ಣು ಗುಳಿಬಿದ್ದು, ಕೊಂಬೆ ಹಿಡಿಯುವ ಶಕ್ತಿ ಹೋಯಿತೆಂದರೆ ಒಂದು ದಿನವೂ ಕಾಯಬಾರದು. ಇದು ಇನ್ನೂ ಗಟ್ಟಿಯಾಗಿದೆ, ಮೊದಲು ಮಣ್ಣು ಕೊಡಿ ಎಂದರು ವೈದ್ಯರು.

ತೊಳೆದ ಮರಳನ್ನು ಬಕೆಟ್ಟಿನಲ್ಲಿ ಒಂದಡಿ ಆಳಕ್ಕೆ ತುಂಬಿದರು. ಹದ ಎಷ್ಟೆಂದರೆ ಮುಷ್ಟಿಯಲ್ಲಿ ಹಿಸುಕಿದರೆ ಉಂಡೆಯಾಗಬೇಕು, ನೀರು ಸೋರಬಾರದು. ಒಣಗಿದ್ದರೆ ಅಗೆದ ಬಿಲ ಕುಸಿಯುತ್ತದೆ. ಗೂಡಿಗೆ ಬಟ್ಟೆ ಮುಚ್ಚಿದರು. ಯಾರಾದರೂ ನೋಡುತ್ತಿದ್ದಾರೆ ಎಂದು ತಿಳಿದರೆ ಅದು ಅರ್ಧ ತೋಡಿದ ಗುಂಡಿಯನ್ನೂ ಬಿಟ್ಟುಬಿಡುತ್ತದೆ. ಎಲ್ಲಕ್ಕಿಂತ ಕಷ್ಟವಾದದ್ದು ಇದೇ. ಹುಡುಗಿಗೆ ಬಟ್ಟೆಯ ಅಂಚು ಎತ್ತಿ ಇಣುಕದೆ ಇರಬೇಕಿತ್ತು. ಎರಡು ದಿನ ಅವಳು ಇಣುಕಲಿಲ್ಲ.

ಮೂರನೆಯ ದಿನ ಗೋಸುಂಬೆ ಮತ್ತೆ ಕೊಂಬೆಯ ಮೇಲಿತ್ತು. ಮೈ ಬಡಕಲಾಗಿತ್ತು, ಕಾಲಿಗೆಲ್ಲ ಮರಳು. ಬಕೆಟ್ಟಿನ ಮೇಲ್ಮೈ ಏನೂ ನಡೆದಿಲ್ಲವೆಂಬಂತೆ ಸಮವಾಗಿತ್ತು. ಅಗೆದು ನೋಡಿದರೆ ತಳದಲ್ಲಿ ಮೂವತ್ತೆಂಟು ಬಿಳಿಯ ಮೊಟ್ಟೆ. ಅದಕ್ಕೆ ಧಾರಾಳ ನೀರು, ಸುಣ್ಣದ ಪುಡಿ ಹಚ್ಚಿದ ಮಿಡತೆ. ಇನ್ನು ಮುಂದೆ ಆಹಾರವನ್ನೂ ದೀಪದ ಬಿಸಿಯನ್ನೂ ಮಿತಗೊಳಿಸಬೇಕೆಂದು ವೈದ್ಯರು ಹೇಳಿದರು. ಪ್ರೀತಿಯಿಂದ ಹೆಚ್ಚು ತಿನ್ನಿಸಿದಷ್ಟೂ ಮೊಟ್ಟೆ ಹೆಚ್ಚು, ಮೊಟ್ಟೆ ಹೆಚ್ಚಿದಷ್ಟೂ ದೇಹ ಬಳಲುತ್ತದೆ.

ಇದನ್ನೆಲ್ಲ ಕೇಳುತ್ತಿದ್ದ ಪಡುಬಿದ್ರಿಯ ಹುಡುಗನಿಗೆ ತನಗೂ ಒಂದು ಬೇಕೆನಿಸಿತು. ಶಾಲೆಯಲ್ಲಿ ವಿಜ್ಞಾನದ ಮಾಸ್ಟ್ರನ್ನು ಕೇಳಿದ. ನಮ್ಮ ದೇಶದ ಗೋಸುಂಬೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿದೆ, ಹಿಡಿಯುವುದೂ ಸಾಕುವುದೂ ಮಾರುವುದೂ ಅಪರಾಧ ಎಂದರು ಅವರು. ವಿದೇಶದ್ದನ್ನು ತಂದರೂ 2022ರ ತಿದ್ದುಪಡಿಯ ಪ್ರಕಾರ ಸರಕಾರದಲ್ಲಿ ನೋಂದಾಯಿಸಬೇಕು. ಹುಡುಗ ಪೆಚ್ಚಾಗಿ ಮನೆಗೆ ಬಂದ.

ಮೊದಲ ಮಳೆ ಬಿದ್ದ ವಾರ ಅಜ್ಜಿಯೇ ಅವನನ್ನು ಮೆಲ್ಲನೆ ಕರೆದರು. ದಾಸವಾಳದ ಬುಡದಲ್ಲಿ ಒಂದು ಓತಿಕ್ಯಾತ ಮುಂಗಾಲಿನಿಂದ ಹೊಯಿಗೆ ತೋಡುತ್ತಿತ್ತು. ಜನ ಇದನ್ನೂ ಗೋಸುಂಬೆ ಎನ್ನುವುದುಂಟು, ಆದರೆ ಇದು ಬೇರೆ. ಗೋಸುಂಬೆಯ ಎರಡು ಕಣ್ಣು ಎರಡು ಕಡೆ ತಿರುಗುತ್ತವೆ, ಪಾದ ಇಕ್ಕಳದಂತೆ ಕೊಂಬೆ ಹಿಡಿಯುತ್ತದೆ, ನಡಿಗೆ ನಿಧಾನ. ಓತಿಕ್ಯಾತ ಸರಕ್ಕನೆ ಓಡುವ ಪ್ರಾಣಿ. ಮೊಟ್ಟೆಯ ವಿಷಯದಲ್ಲಿ ಮಾತ್ರ ಎರಡಕ್ಕೂ ಒಂದೇ ದಾರಿ, ಹಸಿ ಮಣ್ಣು. ಇಬ್ಬರೂ ಜಗಲಿಯ ಕಂಬದ ಮರೆಯಲ್ಲಿ ಉಸಿರು ಬಿಗಿಹಿಡಿದು ನಿಂತರು. ಅದು ಮೊಟ್ಟೆ ಇಟ್ಟು, ಮಣ್ಣು ಎಳೆದು ಮುಚ್ಚಿ ಬೇಲಿಯತ್ತ ಹೋಯಿತು. ಹುಡುಗ ಆ ಜಾಗದ ಸುತ್ತ ನಾಲ್ಕು ಕೋಲು ಊರಿದ.

ಆ ಮಳೆಗಾಲ ಮುಗಿದೊಡನೆ ಅಂಗಳಕ್ಕೆಲ್ಲ ಇಂಟರ್‌ಲಾಕ್ ಹಾಕಿಸುವುದೆಂದು ಅಪ್ಪ ಮಾತು ಕೊಟ್ಟಾಗಿತ್ತು. ಹುಡುಗ ಅಳಲಿಲ್ಲ, ಹಟ ಹಿಡಿಯಲಿಲ್ಲ. "ಅಪ್ಪ, ಅಲ್ಲಿ ಬಕೆಟ್ಟಿನಲ್ಲಿ ಹೊಯಿಗೆ ತಂದಿಟ್ಟರು. ಇಲ್ಲಿ ಇದ್ದದ್ದನ್ನು ನಾವು ಮುಚ್ಚುವುದಾ?" ಎಂದು ಕೇಳಿದ, ಅಷ್ಟೇ. ಅಪ್ಪ ಕೂಡಲೇ ಉತ್ತರಿಸಲಿಲ್ಲ. ಮರುದಿನ ಮೇಸ್ತ್ರಿಗೆ ಫೋನ್ ಮಾಡಿ, ದಾಸವಾಳದ ಸಾಲಿನುದ್ದಕ್ಕೂ ಮೂರಡಿ ಬಿಟ್ಟು ಅಳತೆ ಹಾಕಲು ಹೇಳಿದರು.

ಮರಿ ಹೊರಬರಲು ಆರೇಳು ವಾರ ಬೇಕೆಂದು ಮಾಸ್ಟ್ರು ಹೇಳಿದ್ದನ್ನು ಹುಡುಗ ಕ್ಯಾಲೆಂಡರಿನಲ್ಲಿ ಗುರುತು ಮಾಡಿಕೊಂಡ. ಭಾನುವಾರ ಅಕ್ಕ ಫೋನಿನಲ್ಲಿ, "ನಿನ್ನ ಪ್ರಾಣಿ ತೋರಿಸು" ಎಂದಳು. ಅವನು ಟಾರ್ಚ್ ಹಿಡಿದು ನಾಲ್ಕು ಕೋಲು ತೋರಿಸಿದ.

"ಏನೂ ಕಾಣುವುದಿಲ್ಲವಲ್ಲೋ!"

"ಕಾಣಬಾರದು ಅಕ್ಕ. ಬಟ್ಟೆ ಎತ್ತಿ ನೋಡಬಾರದು ಅಂತ ನೀನೇ ಹೇಳಿದ್ದಲ್ಲವಾ?"

ಚಾವಡಿಯಲ್ಲಿ ಅಜ್ಜಿ ಬಾಯಿ ತುಂಬ ನಕ್ಕರು.