ಗುರುತು ಹಾಕಿದ್ಯಾ?

‘ಬಿಚ್ಚುವ ಮೊದಲು ಶಾಫ್ಟ್ ಮತ್ತು ಯೋಕ್ ಎರಡರ ಮೇಲೂ ಗುರುತು ಹಾಕಿಕೊಳ್ಳಿ.’ ಪುಣೆಯ ಬಾಡಿಗೆ ಮನೆಯಲ್ಲಿ ಕೂತು ಈ ವಾಕ್ಯವನ್ನು ನಾನು ಇಪ್ಪತ್ತು ಸಲವಾದರೂ ಅನುವಾದಿಸಿರಬೇಕು. ಕತೆ, ಕಾದಂಬರಿಗಿಂತ ಟ್ರ್ಯಾಕ್ಟರು, ಟಿಪ್ಪರುಗಳ ಸರ್ವಿಸ್ ಕೈಪಿಡಿಗಳೇ ನನ್ನ ಬಾಡಿಗೆ ಕಟ್ಟುವುದು. ಒಂದು ಕೈಪಿಡಿಯ ಜೊತೆ ಬಂದ ಪದಪಟ್ಟಿಯಲ್ಲಿ ಯೂನಿವರ್ಸಲ್ ಜಾಯಿಂಟಿಗೆ ‘ಸಾರ್ವತ್ರಿಕ ಕೀಲು’ ಎಂದಿತ್ತು. ಹಾಗೆಯೇ ಬರೆದೆ. ಪದಕ್ಕಿಷ್ಟು ಅಂತ ದುಡ್ಡೂ ಬಂತು.

ಆ ಕೀಲನ್ನು ಮೊದಲ ಸಲ ಕೈಯಲ್ಲಿ ಹಿಡಿದದ್ದು ಹೋದ ದೀಪಾವಳಿಗೆ, ಕೊಪ್ಪದ ಹತ್ತಿರದ ನಮ್ಮೂರಿನಲ್ಲಿ.

ಅಪ್ಪನ ಪಿಕಪ್ ನನಗಿಂತ ಹಿರಿಯದು. ಹಳೆಯ ಫೋರ್ ವೀಲ್ ಮಹೀಂದ್ರ ಜೀಪು, ಹಿಂದಿನದನ್ನೆಲ್ಲ ಕಿತ್ತು ಶಿವಮೊಗ್ಗದಲ್ಲಿ ಬಾಡಿ ಕಟ್ಟಿಸಿದ್ದು. ಅಡಿಕೆ, ಗೊಬ್ಬರ, ಮಳೆಗಾಲದ ರಾತ್ರಿ ಹೆರಿಗೆಗೆ ಹೊರಟ ಪಕ್ಕದ ಮನೆ ಅಕ್ಕ, ಎಲ್ಲವನ್ನೂ ಹೊತ್ತಿದೆ. ಎರಡು ವರ್ಷದಿಂದ ಅಪ್ಪನಿಗೆ ಪಾರ್ಕಿನ್ಸನ್. ಸ್ಟೇರಿಂಗ್ ಮುಟ್ಟುವ ಹಾಗಿಲ್ಲ. ಅಮ್ಮ ಗಾಡಿ ಮಾರುವ ಮಾತು ತೆಗೆದರೆ ಎದ್ದು ತೋಟಕ್ಕೆ ಹೋಗುತ್ತಾರೆ. ನಾನು ಹೋದಾಗ ಮಾತ್ರ ಅಂಗಳದಲ್ಲಿ ಹಿಂದೆ ಮುಂದೆ ಓಡಿಸಬೇಕು, ಅವರು ಜಗಲಿಯಲ್ಲಿ ಕೂತು ಕೇಳಬೇಕು.

ಈ ಸಲ ರಿವರ್ಸಿಗೆ ಹಾಕಿದಾಗ ಕೆಳಗಿನಿಂದ ‘ಟಕ್’ ಎಂದಿತು. ನಿಧಾನಕ್ಕೆ ಹೋಗುವಾಗ ಗುಬ್ಬಿಮರಿಯ ಹಾಗೆ ಚೀಂವ್ ಚೀಂವ್.

“ಹಿಂದಿನ ಕ್ರಾಸ್ ಹೋಗಿದೆ ಮಾರಾಯ್ತಿ” ಅಂದರು ಅಪ್ಪ, ಕೂತಲ್ಲಿಂದಲೇ.

ಕೊಪ್ಪದ ಅಂಗಡಿಯಲ್ಲಿ ಯೂನಿವರ್ಸಲ್ ಜಾಯಿಂಟ್ ಕೇಳಿದೆ. “ಯಾವ ಗಾಡಿ ಕ್ರಾಸು?” ಅಂದ ಹುಡುಗ. ಡಬ್ಬಿ ಬಿಚ್ಚಿದರೆ ನಿಜಕ್ಕೂ ಒಂದು ಕೂಡಿಸುವ ಚಿಹ್ನೆ: ನಾಲ್ಕು ತೋಳು, ಪ್ರತಿ ತೋಳಿಗೂ ಒಂದು ಕಪ್, ಕಪ್ಪಿನೊಳಗೆ ಸೂಜಿಯಂಥ ಬೇರಿಂಗುಗಳು. ನೋಡಿದವರೇ ಇಟ್ಟ ಹೆಸರು. ನನ್ನ ಸಾರ್ವತ್ರಿಕ ಕೀಲು ಅಲ್ಲೇ ಉದುರಿಹೋಯಿತು.

ಅಪ್ಪ ಪ್ಲಾಸ್ಟಿಕ್ ಕುರ್ಚಿ ತರಿಸಿ ಗಾಡಿಯ ಪಕ್ಕ ಕೂತರು. ಮೊದಲು ನಾಲ್ಕೂ ಚಕ್ರಕ್ಕೆ ಕಲ್ಲು ಕೊಡಿಸಿದರು. ಈ ಜೀಪಿನಲ್ಲಿ ಹ್ಯಾಂಡ್‌ಬ್ರೇಕ್ ಹಿಡಿಯುವುದು ಚಕ್ರವನ್ನಲ್ಲ, ಟ್ರಾನ್ಸ್‌ಫರ್ ಕೇಸಿನ ಹಿಂದಿರುವ ಡ್ರಮ್ಮನ್ನು. ಹಿಂದಿನ ಶಾಫ್ಟ್ ಇಳಿಸಿದರೆ ಆ ಬ್ರೇಕು ಇದ್ದೂ ಇಲ್ಲ. ನಮ್ಮ ಅಂಗಳವೋ ಇಳಿಜಾರು.

ನಾನು ಕೆಳಗೆ ನುಗ್ಗಿ ಬೋಲ್ಟ್ ಬಿಚ್ಚಿ ಶಾಫ್ಟ್ ಇಳಿಸಿದೆ. ವೈಸಿನಲ್ಲಿ ಹಿಡಿಸಲು ಉದ್ದವಾಯಿತೆಂದು ನಡುವಿನ ಜಾರುವ ಯೋಕನ್ನೂ ಎಳೆದು ಬೇರೆ ಮಾಡಿದೆ.

“ಗುರುತು ಹಾಕಿದ್ಯಾ?”

“ಹೂಂ.”

ಹಾಕಿರಲಿಲ್ಲ. ಮರೆತಿದ್ದೆ. ಇಪ್ಪತ್ತು ಸಲ ಬರೆದ ವಾಕ್ಯ!

ಉಳಿದದ್ದು ಚೆನ್ನಾಗಿಯೇ ಆಯಿತು. ಲಾಕ್ ತೆಗೆದು, ಒಂದು ಕಡೆ ಸಣ್ಣ ಸಾಕೆಟ್, ಇನ್ನೊಂದು ಕಡೆ ದೊಡ್ಡದು ಇಟ್ಟು ವೈಸ್ ತಿರುಗಿಸಿದರೆ ಹಳೆಯ ಕಪ್ ದೊಡ್ಡದರೊಳಗೆ ಬಂದು ಬೀಳುತ್ತದೆ. ಸೂಜಿಗಳೆಲ್ಲ ತುಕ್ಕಿನ ಪುಡಿಯಾಗಿದ್ದವು. ಹೊಸದನ್ನು ಕೂರಿಸುವಾಗ ಒಂದು ಕಡೆ ಲಾಕ್ ಕೂರಲಿಲ್ಲ. ಸುತ್ತಿಗೆ ಎತ್ತಿದೆ. “ಹೊಡೀಬೇಡ, ಸೂಜಿ ಬಿದ್ದಿರ್ತದೆ” ಅಂದರು. ತೆಗೆದು ನೋಡಿದರೆ ಒಂದು ಸೂಜಿ ಕಪ್ಪಿನ ತಳದಲ್ಲಿ ಅಡ್ಡ ಮಲಗಿತ್ತು.

ಸಂಜೆ ಅಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡು ಟಾರು ರಸ್ತೆಗೆ ಹೋದೆ. ಟಕ್ ಇಲ್ಲ, ಚೀಂವ್ ಇಲ್ಲ. ನಲವತ್ತು ಮುಟ್ಟುತ್ತಲೇ ಇಡೀ ಗಾಡಿ ಗಡಗಡ ನಡುಗತೊಡಗಿತು. ಅಪ್ಪ ತಮ್ಮ ಕೈ ನೋಡಿಕೊಂಡರು, ಆಮೇಲೆ ಡ್ಯಾಶ್‌ಬೋರ್ಡ್ ಮೇಲೆ ಅಂಗೈ ಇಟ್ಟರು. “ನಡುಗ್ತಿರೋದು ನಾನಾ, ಗಾಡಿಯಾ?”

ಆಗಲೂ ನಾನು ಬಾಯಿ ಬಿಡಲಿಲ್ಲ.

ರಾತ್ರಿ ನಿದ್ದೆ ಬರಲಿಲ್ಲ. ಕಾರಣ ಗೊತ್ತಿತ್ತು, ಅದನ್ನೂ ಒಮ್ಮೆ ಅನುವಾದಿಸಿದ್ದೆನಲ್ಲ. ಓರೆಯಾಗಿ ಕೂತ ಈ ಕೀಲು ತಿರುಗುವಿಕೆಯನ್ನು ಇದ್ದ ಹಾಗೆ ದಾಟಿಸುವುದಿಲ್ಲ. ಈ ಕಡೆಯ ಶಾಫ್ಟ್ ಒಂದೇ ವೇಗದಲ್ಲಿ ತಿರುಗಿದರೂ ಆ ಕಡೆಯದು ಪ್ರತಿ ಸುತ್ತಿಗೆ ಎರಡು ಸಲ ಮುಂದೋಡುತ್ತದೆ, ಎರಡು ಸಲ ಹಿಂದೆ ಬೀಳುತ್ತದೆ. ಓರೆ 20 ಡಿಗ್ರಿ ಇದ್ದರೆ, 1000 ಸುತ್ತಿನ ವೇಗ ಹೆಚ್ಚುಕಡಿಮೆ 940ರಿಂದ 1064ರ ನಡುವೆ ತೂಗಾಡುತ್ತದೆ. 17ನೇ ಶತಮಾನದ ರಾಬರ್ಟ್ ಹುಕ್‌ಗೂ ಈ ಏರುಪೇರು ಗೊತ್ತಿತ್ತು. ಇಂಗ್ಲಿಷಿನಲ್ಲಿ ಈ ಕೀಲಿಗೆ ಅವನ ಹೆಸರೂ ಇದೆ. ಶಾಫ್ಟಿನ ಇನ್ನೊಂದು ತುದಿಯ ಕೀಲು ಅಷ್ಟೇ ಏರುಪೇರನ್ನು ಉಲ್ಟಾ ಮಾಡಿ ಸರಿಮಾಡುತ್ತದೆ. ಆದರೆ ಅದಕ್ಕೆ ಎರಡೂ ಕಡೆಯ ಓರೆ ಒಂದೇ ಇರಬೇಕು, ಶಾಫ್ಟಿನ ಎರಡು ತುದಿಯ ಯೋಕುಗಳು ಒಂದೇ ನೇರಕ್ಕೆ ಇರಬೇಕು. ನಾನು ಜಾರುವ ಯೋಕನ್ನು ಕೆಲವು ಹಲ್ಲು ಆಚೆ ಕೂರಿಸಿದ್ದೆ. ಒಂದರ ತಪ್ಪನ್ನು ತಿದ್ದಬೇಕಾದ್ದು ತನ್ನದನ್ನೂ ಸೇರಿಸುತ್ತಿತ್ತು.

ಬೆಳಗಿನ ಜಾವ ಯಾರೂ ಏಳುವ ಮೊದಲು ಮತ್ತೆ ಕೆಳಗೆ ತೂರಿದೆ. ಸ್ವಲ್ಪ ಹೊತ್ತಿಗೆ ಕುರ್ಚಿ ಎಳೆದ ಸದ್ದು, ಬ್ಯಾಟರಿ ಬೆಳಕು. ಬೆಳಕು ಬೋಲ್ಟಿನ ಮೇಲೆ ನಿಲ್ಲದೆ ಆಚೀಚೆ ಹೊಯ್ದಾಡುತ್ತಿತ್ತು.

“ಅಲ್ಲಾಡ್ತದೆ, ಹೊಂದಿಸ್ಕೋ” ಅಂದರು.

“ಅಪ್ಪ, ನಾನು ಗುರುತು ಹಾಕಿರಲಿಲ್ಲ.”

“ಗೊತ್ತು. ನಿನ್ನ ಕೈಯಲ್ಲಿ ಸೀಮೆಸುಣ್ಣವೇ ಇರ್ಲಿಲ್ಲ.”

ಶಾಫ್ಟನ್ನು ಜಗಲಿಗೆ ತಂದು, ಎರಡೂ ಯೋಕುಗಳನ್ನು ಕಣ್ಣಳತೆಯಲ್ಲಿ ಒಂದೇ ನೇರಕ್ಕೆ ತಂದು ಸೇರಿಸಿದೆ. ಎತ್ತಲು ಹೋದರೆ ಅಪ್ಪ ತಡೆದರು. ಸೀಮೆಸುಣ್ಣ ಮಳೆಗೆ ಹೋಗುತ್ತದೆ, ಪಂಚಿನಲ್ಲಿ ಹೊಡೆಯೋಣ, ಮುಂದೆ ಬಿಚ್ಚುವವರಿಗೆ ಬೇಕು ಅಂದರು. ಸುತ್ತಿಗೆ ಮಾತ್ರ ತಾವೇ ಹಿಡಿಯುತ್ತಾರಂತೆ. ನಾನು ಪಂಚ್ ಹಿಡಿದೆ. ಮೊದಲ ಏಟು ಶಾಫ್ಟಿನ ಮೇಲೆ ಜಾರಿತು. ಎರಡನೆಯದು ನನ್ನ ಹೆಬ್ಬೆರಳಿಗೆ. ಅಮ್ಮ ಒಳಗಿನಿಂದ ಕೂಗಿದರು. ಕೈ ಕೊಡವಿಕೊಂಡು ಪಂಚನ್ನು ಮತ್ತೆ ಅದೇ ಜಾಗಕ್ಕೆ ಇಟ್ಟೆ.